ಮೌನಪ್ಪನ ಚಾಳೀಸು

ಮಾನ್ವಿಯಿಂದ ರಾಯಚೂರಿಗೆ ಮಂದಿ ತುಂಬಿಕೊಂಡು ಹೊರಟಿದ್ದ, ಇದ್ದಿಲ ಹೊಗೆಯಿಂದ ಓಡುವ ಮೋಟಾರನ್ನು ಡ್ರೈವರ್ ಮೌನಪ್ಪ ನಡುರಸ್ತೆಯಲ್ಲಿ ನಿಲ್ಲಿಸಿ ಹಾರ್ನ್ ಒತ್ತಿದ್ದೇ ಒತ್ತಿದ್ದು. ಎದುರಿಗಿದ್ದ ಎಮ್ಮೆ ಮಾತ್ರ ಮಿಸುಕಲಿಲ್ಲ. ಕೊನೆಗೆ ಬಳೆ ಮಾರುವ ಹೀರಾಬಿ ಇಳಿದು ಹೋಗಿ ನೋಡಿ ಬಂದಳು.

“ಯಪ್ಪಾ, ಅದು ಎಮ್ಮಿ ಅಲ್ಲ. ರಸ್ತೆಕ್ಕ ಹಾಕಾಕ ತಂದ ಜಲ್ಲಿ ಗುಡ್ಡಿ!”

ಮೋಟಾರಿಗೆ ಮೋಟಾರೇ ನಕ್ಕಿತು. ಅರವತ್ತೆರಡರ ಮೌನಪ್ಪ ನಗಲಿಲ್ಲ. ಇವತ್ತು ಜಲ್ಲಿ ಎಮ್ಮೆಯಾಗಿ ಕಂಡಿತು. ನಾಳೆ ಮನುಷ್ಯರೇ ಜಲ್ಲಿಯಾಗಿ ಕಂಡರೆ?

ರಾಯಚೂರು ಮುಟ್ಟಿದವನೇ ಕಣ್ಣಿನ ಡಾಕ್ಟರರ ಹತ್ತಿರ ಹೋದ. ಅವರು ಗಾಜಿನ ಲೋಟದ ತಳದಂಥ ಚಾಳೀಸು ಕೊಟ್ಟರು. ಏರಿಸಿಕೊಂಡು ಹೊರಗೆ ಬಂದರೆ ಬೇವಿನ ಮರದ ಒಂದೊಂದು ಎಲೆಯೂ ಬೇರೆ ಬೇರೆ! ಮೌನಪ್ಪನ ಕಣ್ಣು ತುಂಬಿತು. ಇನ್ನು ಐದು ವರ್ಷ ಸ್ಟೇರಿಂಗಿಗೆ ಭಯವಿಲ್ಲ.

ತಾಪತ್ರಯ ಶುರುವಾದದ್ದು ವಾಪಸು ಬರುವಾಗ. ಹೋಗುವಾಗ ಮಡಿಸಿದ ಧೋತರದಂತೆ ನುಣ್ಣಗೆ ಕಂಡಿದ್ದ ರಸ್ತೆಯ ತುಂಬ ಈಗ ತಗ್ಗುಗಳು. ಹಳ್ಳದ ಸೇತುವೆಗೆ ಅತ್ತ ಇತ್ತ ಗೋಡೆಯೇ ಇಲ್ಲ! ಮೌನಪ್ಪ ಇಳಿದು, ಬಗ್ಗಿ ನೋಡಿ, ಎಲ್ಲರನ್ನೂ ಇಳಿಸಿ, ನಡೆದು ದಾಟಲು ಹೇಳಿದ.

ಅರಿವೆ ವ್ಯಾಪಾರಿ ಹನುಮಂತ್ರಾಯ ರೇಗಿದ. “ಇಪ್ಪತ್ತು ವರ್ಷ ಇದರ ಮ್ಯಾಲ ಹಾರಿಸ್ಕೊಂಡು ಹೋಗೀರಲ್ಲರೀ!”

“ಆವಾಗ ನನಗ ಕಾಣ್ತಿರಲಿಲ್ಲಪ್ಪಾ.”

ಹನುಮಂತ್ರಾಯ ಗಂಟು ಎತ್ತಿಕೊಂಡು ಎಲ್ಲರಿಗಿಂತ ಮೊದಲು ದಾಟಿದ.

ಅಲ್ಲಿಂದ ಮುಂದೆ ಎತ್ತಿನ ಬಂಡಿಯೊಂದು ಮೋಟಾರನ್ನು ಹಿಂದೆ ಹಾಕಿ ಹೋಯಿತು. “ಯಪ್ಪಾ, ಆ ಚಾಳೀಸು ತೆಗೀರಿ, ನಿಮ್ಮ ಕಾಲಿಗೆ ಬೀಳ್ತೀನಿ,” ಎಂದಳು ಹೀರಾಬಿ.

“ಜೀವಾ ಹೋದ್ರೂ ತೆಗಿಯಂಗಿಲ್ಲ ಯವ್ವಾ.”

ಮಾನ್ವಿ ಮುಟ್ಟಿದಾಗ ಎರಡು ತಾಸು ತಡ. ಮೋಟಾರಿನ ಮಾಲೀಕ ಹಂಪಣ್ಣ ನಿಲ್ದಾಣದಲ್ಲೇ ನಿಂತಿದ್ದರು. ಎಲ್ಲ ಕೇಳಿ ಬೆನ್ನು ತಟ್ಟಿದರು. “ತಡಾ ಆದ್ರ ಆಗಲಿ. ಮಂದಿ ಸುಖವಾಗಿ ಬಂದ್ರಲ್ಲ. ಈ ನೌಕರಿ ನಿಮ್ದೇ.”

ಮೌನಪ್ಪ ಎದೆಯುಬ್ಬಿಸಿಕೊಂಡು ಮನೆಗೆ ಬಂದ. ಹೆಂಡತಿ ಶೇಖಮ್ಮ ಹೊಸ್ತಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಅವಳನ್ನು ನೋಡಿ ಅವನು ನಿಂತೇಬಿಟ್ಟ. ತಲೆಯೆಲ್ಲ ಬೆಳ್ಳಗೆ, ಮುಖದ ತುಂಬ ಸುಕ್ಕು.

“ಏ ಇವಳ, ನೀ ಯಾವಾಗ ಮುದುಕಿ ಆದಿ?” ಮೆಲ್ಲಗೆ ಕೇಳಿದ.

“ಇವತ್ತು ಕಂಡಿತೇನು? ಕೊಡ್ರಿ ಇಲ್ಲಿ, ನನ್ನ ಕಣ್ಣೂ ಮಂಜಾಗ್ಯಾವ, ನಾನೂ ನೋಡ್ತೀನಿ.”

ನಗುತ್ತ ಚಾಳೀಸು ಹಾಕಿಕೊಂಡವಳ ನಗು ಅಲ್ಲೇ ನಿಂತಿತು. ಅವನ ಕುಳಿಬಿದ್ದ ಗಲ್ಲ ಮುಟ್ಟಿದಳು. ನರ ಉಬ್ಬಿದ ಕೈಯನ್ನು ತನ್ನ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು.

“ಯವ್ವಾ! ಇಷ್ಟು ಮುದುಕ ಆಗೀರೇನ್ರಿ? ನನ್ನ ಗಂಡ ಇನ್ನಾ ಗಟ್ಟಿ ಅದಾನಂತ ದಿನಾ ಮೋಟಾರಿಗಿ ಕಳಸಾಕತ್ತಿದ್ದೆನಲ್ಲ!”

ಸೆರಗು ತಲೆಗೆಳೆದುಕೊಂಡು ಎದ್ದಳು.

“ಎಲ್ಲಿಗಿ?” ಮೌನಪ್ಪ ಗಾಬರಿಯಾದ.

“ಹಂಪಣ್ಣನವರ ಮನಿಗಿ. ನಾಳಿಂದ ಬ್ಯಾರೆ ಡ್ರೈವರನ್ನ ನೋಡ್ಕೋರಿ ಅಂತ ಹೇಳಿ ಬರ್ತೀನಿ.”

ತಡೆಯಲೆಂದು ಮೌನಪ್ಪ ಅವಳ ಹಿಂದೆಯೇ ಓಡಿದ. ಆದರೆ ಚಾಳೀಸು ಅವಳ ಮೂಗಿನ ಮೇಲಿತ್ತು. ಓಣಿಯ ಕೊನೆಯಲ್ಲಿ ಅವನು ಕೈ ಹಿಡಿದು ಅಂಗಲಾಚಿದ್ದು ಯಾರದೋ ಹೆಂಡತಿಯನ್ನು.