ಅಮ್ಮಾವ್ರ ಕೋವಿಯ ಸ್ಪ್ರಿಂಗು

ಕೋವಿ ಇರುವ ಎಸ್ಟೇಟಿನಲ್ಲಿ ಕೆಲಸ ಮಾಡಿದವರನ್ನು ಮಾತಾಡಿಸಿ ನೋಡಿ. ಕಾಫಿಯ ಸುದ್ದಿ ಬೇಗ ಮುಗಿಸಿ ಕೋವಿಯ ಸುದ್ದಿಗೆ ಬಂದುಬಿಡುತ್ತಾರೆ. ಅದರ ಸುತ್ತ ಏನಾದರೊಂದು ಆಗುತ್ತಲೇ ಇರುತ್ತದೆ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಹಾನುಬಾಳು ಕಡೆಯ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದೆ. ಯಜಮಾನರು ತೀರಿಕೊಂಡಿದ್ದರು. ತೋಟ, ಗದ್ದೆ, ಆಳುಗಳ ಲೈನುಮನೆಗಳ ಜಗಳ ಎಲ್ಲವನ್ನೂ ಒಬ್ಬರೇ ಸಂಭಾಳಿಸುತ್ತಿದ್ದವರು ಅಮ್ಮಾವ್ರು. ವಯಸ್ಸು ಅರವತ್ತು ದಾಟಿದ್ದರೂ ಜೀಪು ತಾವೇ ಓಡಿಸುತ್ತಿದ್ದರು. ಯಜಮಾನರ ಹಳೇ ಇಂಗ್ಲೆಂಡ್ ಕೋವಿಗೆ ತಮ್ಮ ಹೆಸರಲ್ಲೇ ಲೈಸೆನ್ಸ್ ಮಾಡಿಸಿಕೊಂಡಿದ್ದರು. ಅಂಥ ಗಟ್ಟಿ ಹೆಂಗಸನ್ನು ನಾನು ಮತ್ತೆ ಕಂಡಿಲ್ಲ.

ಬಾಯಿಗುಂಡು

ಒಂದು ಸಂಜೆ ಗದ್ದೆಗೆ ಕಾಡುಹಂದಿ ನುಗ್ಗಿದವು. ಅಮ್ಮಾವ್ರು ಬದುವಿನ ಮೇಲೆ ನಿಂತು, ಹೆದರಿಸಿ ಓಡಿಸೋಣ ಅಂತ ಕೋವಿಯನ್ನು ಆಕಾಶಕ್ಕೆ ಹಿಡಿದು ಟ್ರಿಗರ್ ಎಳೆದರು. "ಟಿಕ್" ಅಂತಷ್ಟೇ ಸದ್ದು. ಒಳಗಿನ ಸ್ಪ್ರಿಂಗ್ ಮುರಿದಿತ್ತು. ದೊಡ್ಡ ಹಂದಿಯೊಂದು ತಲೆ ಎತ್ತಿ ನಮ್ಮನ್ನು ನೋಡಿ, ಮತ್ತೆ ಭತ್ತಕ್ಕೆ ಬಾಯಿ ಹಾಕಿತು. ನಾನು ಓಡುವುದಕ್ಕೆ ಪಂಚೆ ಎತ್ತಿ ಕಟ್ಟಿದೆ. ಅಮ್ಮಾವ್ರು ಕದಲಲಿಲ್ಲ. ಕೋವಿ ಹಿಡಿದಂತೆಯೇ "ಢಮಾರ್!" ಅಂತ ಒಂದು ಕೂಗು ಹಾಕಿದರು ನೋಡಿ, ಹಂದಿಗಳ ಜೊತೆ ನಮ್ಮ ನಾಯಿಯೂ ಕಾಡು ಸೇರಿತು.

"ರೈಟರೇ, ನನ್ನ ಬಾಯಿಗೂ ಒಂದು ಲೈಸೆನ್ಸ್ ಮಾಡಿಸ್ಬೇಕೇನ್ರೀ?" ಅಂದರು.

ಕೋವಿಯೊಳಗೆ ಕೋವಿ

ಇಲ್ಲಿ ಮಾಡಿಸಿದ ಸ್ಪ್ರಿಂಗ್ ಯಾವುದೂ ಆ ಕೋವಿಗೆ ಒಗ್ಗಲಿಲ್ಲ. ಅಮ್ಮಾವ್ರ ಅಣ್ಣನ ಮಗ ಹಡಗಿನಲ್ಲಿ ಕೆಲಸಕ್ಕಿದ್ದ. ಫೋನಿನಲ್ಲಿ, "ಇಂಗ್ಲೆಂಡಿಂದ ನಾನೇ ತರ್ತೀನಿ ಅತ್ತೆ" ಅಂದ. "ಕಾನೂನು ಕೇಳ್ಕಂಡು ಹೇಳ್ತೀನಿ, ಅಲ್ಲೀಗಂಟ ಸುಮ್ನಿರು" ಅಂತ ಅಮ್ಮಾವ್ರು ನನ್ನನ್ನೂ ಕರೆದುಕೊಂಡು ಹಾಸನಕ್ಕೆ ಹೋದರು.

ಕೋವಿ ಲೈಸೆನ್ಸ್ ನೋಡುವ ಗುಮಾಸ್ತರು ತಾಳ್ಮೆಯಿಂದ ವಿವರಿಸಿದರು. "ಅಮ್ಮಾ, ಕೋವಿಯ ಬಿಡಿಭಾಗವೂ ಕಾನೂನಿನ ಕಣ್ಣಿಗೆ ಕೋವಿನೇ. ಸ್ಪ್ರಿಂಗ್ ಆದ್ರೂ ಅಷ್ಟೇ, ಟ್ರಿಗರ್ ಆದ್ರೂ ಅಷ್ಟೇ. ಹೊರದೇಶದಿಂದ ತರೋದಕ್ಕೆ ಬೇರೆ ಲೈಸೆನ್ಸೇ ಬೇಕು. ಮನೇಲಿ ಕೋವಿ ಇಟ್ಕೊಳ್ಳೋ ಲೈಸೆನ್ಸ್ ಅದಕ್ಕಾಗಲ್ಲ."

ಅಮ್ಮಾವ್ರು ಯೋಚನೆಗೆ ಬಿದ್ದರು. "ಹಂಗಾರೆ ನನ್ನ ಒಂದು ಕೋವಿಯೊಳಗೆ ಹತ್ತಾರು ಕೋವಿ ಅವೆ ಅಂತಾಯ್ತು. ನಂಗೆ ಲೈಸೆನ್ಸ್ ಇರೋದು ಒಂದಕ್ಕೆ. ಮಿಕ್ಕಿದ್ದನ್ನ ಬಿಚ್ಚಿ ಇಲ್ಲೇ ಕೊಟ್ಟು ಹೋಗ್ಲಾ?"

ಗುಮಾಸ್ತರು ನಕ್ಕ ರಭಸಕ್ಕೆ ಕನ್ನಡಕ ಫೈಲಿನ ಮೇಲೆ ಬಿತ್ತು. ಹೊರದೇಶದಿಂದ ತರಿಸುವ ಲೈಸೆನ್ಸಿನ ಅರ್ಜಿಯನ್ನು ಮಾತ್ರ ಅವತ್ತೇ ತೆಗೆದುಕೊಂಡರು.

ದೋಣಿಗಲ್ಲಿನಲ್ಲಿ ತಪಾಸಣೆ

ಅರ್ಜಿಗೆ ಉತ್ತರ ಬರುವುದರೊಳಗೆ ಅಣ್ಣನ ಮಗನೇ ಬಂದ. ಊಟ ಮುಗಿಸಿ, ಜೇಬಿನಿಂದ ಸೋಪಿನ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದ. ಒಳಗೆ ಬೆರಳುದ್ದದ ಸ್ಪ್ರಿಂಗು!

"ಮಂಗಳೂರು ಬಂದರಲ್ಲಿ ಯಾರಿಗೂ ಗೊತ್ತಾಗ್ಲಿಲ್ಲ ಅತ್ತೆ" ಅಂತ ನಕ್ಕ.

ಅಮ್ಮಾವ್ರು ನಗಲಿಲ್ಲ. "ಸುಮ್ನಿರು ಅಂದಿರ್ಲಿಲ್ವಾ? ಎಲ್ಲಿ ಕಣ್ಣು ತಪ್ಪಿಸಿ ಬಂದ್ಯೋ ಅಲ್ಲೇ ಹೋಗಿ ಒಪ್ಕೋಬೇಕು ಕಣೋ. ಜೀಪು ಹತ್ತು."

"ನನ್ನನ್ನ ಹಿಡಿದು ಜೈಲಿಗೆ ಹಾಕ್ಬುಟ್ರೆ?"

"ಬುತ್ತಿ ತರ್ತೀನಿ, ನಡಿ."

ನಾವು ಮೂವರು ಮಂಗಳೂರು ದಾರಿಯ ದೋಣಿಗಲ್ ದಾಟುವಾಗ ಪೊಲೀಸರು ಗಾಡಿಗಳನ್ನು ನಿಲ್ಲಿಸಿ ನೋಡುತ್ತಿದ್ದರು. ಒಬ್ಬ ಪೇದೆ ಬಂದು, "ಜೀಪಲ್ಲಿ ಏನೈತೆ?" ಅಂದ.

"ಕೋವಿ ಐತೆ" ಅಂದರು ಅಮ್ಮಾವ್ರು.

ಪೇದೆ ಹಿಂದಕ್ಕೆ ಜಿಗಿದ. ನಮ್ಮನ್ನೆಲ್ಲ ಇಳಿಸಿ, ಸೀಟಿನ ಅಡಿಯೆಲ್ಲ ತಡಕಾಡಿದ. ಅಮ್ಮಾವ್ರು ಸೋಪಿನ ಡಬ್ಬಿ ತೆರೆದು ಮುಂದೆ ಹಿಡಿದರು. ಕಾನೂನನ್ನೂ, ನಾವು ಹೊರಟ ಕಾರಣವನ್ನೂ ಹೇಳಿದರು. ಪೇದೆ ಡಬ್ಬಿಯನ್ನು ನೋಡಿದ, ಅಮ್ಮಾವ್ರನ್ನು ನೋಡಿದ, ಸೆಲ್ಯೂಟ್ ಹೊಡೆದ.

"ಹೋಗಿ ಬನ್ನಿ ಅಮ್ಮಾ. ಗುಂಡು ಗಿಂಡು ತುಂಬಿಲ್ಲ ತಾನೇ?"

ಬಂದರಿನ ಸಾಹೇಬರ ಮುಂದೆ

ಮಂಗಳೂರಿನ ಕಸ್ಟಮ್ಸ್ ಸಾಹೇಬರಿಗೆ ಮೊದಮೊದಲು ನಾವು ಹೇಳುತ್ತಿರುವುದೇ ಅರ್ಥವಾಗಲಿಲ್ಲ. ಅಡಗಿಸಿ ತಂದ ಮಾಲನ್ನು ಘಟ್ಟ ಇಳಿದು ಬಂದು ಒಪ್ಪಿಸುವವರನ್ನು ಅವರು ನೋಡೇ ಇರಲಿಲ್ಲವಂತೆ.

"ತಂದವರು ಯಾರು?"

ಅಣ್ಣನ ಮಗ ನನ್ನ ಹಿಂದೆ ಸರಿದ. ಅಮ್ಮಾವ್ರೇ ಅವನ ಹೆಗಲ ಮೇಲೆ ಕೈಯಿಟ್ಟು, "ತಂದೋನು ಇವನು, ತರಿಸ್ಕಂಡಿದ್ದು ನನ್ನ ಕೋವಿ. ಶಿಕ್ಷೆ ಇದ್ರೆ ಇಬ್ಬರಿಗೂ ಬರ್ಕೊಳ್ಳಿ ಸ್ವಾಮಿ" ಅಂದರು. ಸಾಹೇಬರು ಎದ್ದು ನಿಂತು, ಅಮ್ಮಾವ್ರಿಗೆ ಕುರ್ಚಿ ಹಾಕಿಸಿ ಕಾಫಿ ತರಿಸಿದರು.

"ಕಾನೂನು ಕಾನೂನೇ ಅಮ್ಮಾ. ಮೊದಲು ಇದೇನು ಅಂತ ಖಾತ್ರಿ ಆಗಲಿ" ಅಂತ ಪೊಲೀಸರ ಕೋವಿ ರಿಪೇರಿ ಮಾಡುವ ಹವಾಲ್ದಾರರನ್ನು ಕರೆಸಿದರು. ಅವರು ಸ್ಪ್ರಿಂಗನ್ನು ಬೆಳಕಿಗೆ ಹಿಡಿದರು, ಬಗ್ಗಿಸಿದರು, ಮೂಸಿಯೂ ನೋಡಿದರು.

"ಸಾರ್, ಇದು ಕೋವೀದಲ್ಲ. ಬಾಗಿಲ ಬೀಗದ್ದು. ಮಾರಿದ ಅಂಗಡಿಯವನು ಟೋಪಿ ಹಾಕಿದಾನೆ."

ಸಾಹೇಬರು ಉಸಿರು ಬಿಟ್ಟು ನಕ್ಕರು. ನಾನು ಮನಸ್ಸಲ್ಲೇ ಕೈ ಮುಗಿದೆ. ಅಲ್ಲಿಯವರೆಗೆ ನನ್ನ ಹಿಂದೆ ಅವಿತಿದ್ದ ಅಣ್ಣನ ಮಗನಿಗೆ ಎಲ್ಲಿತ್ತೋ ರೋಷ! ಮುಂದೆ ಬಂದು ಮೇಜು ಗುದ್ದಿದ.

"ಇಲ್ಲ ಸಾರ್! ನಂಗ್ಯಾರೂ ಟೋಪಿ ಹಾಕಿಲ್ಲ! ಸರಿಯಾಗಿ ನೋಡಿ! ಇದು ಕೋವೀದೇ!"

ಅಮ್ಮಾವ್ರು ಅವನ ಬಾಯಿಗೆ ಕೈ ಅಡ್ಡ ಹಿಡಿದರು. "ಸಾಹೇಬ್ರೇ ಬುಟ್ರೂ ನೀನು ಜೈಲು ಬಿಡಂಗಿಲ್ವಲ್ಲೋ ಮಾರಾಯ!"