ಮ್ಯಾನೇಜರನ ಕೋಟು

ಬೆಳಗ್ಗೆ ಅಂಗಡಿಯ ಬಾಗಿಲು ತೆಗೆಯುವ ಮೊದಲೇ ಫುಟ್‌ಬಾಲ್ ಕ್ಲಬ್ಬಿನ ಕೋಟು ಬಂದು ಟೈಲರನ ಮೆಟ್ಟಿಲ ಮೇಲೆ ಕೂತಿತ್ತು. ಹಳೆಯ ಪೇಪರಿನಲ್ಲಿ ಸುತ್ತಿ ದಾರ ಕಟ್ಟಿದ ಆ ಪೊಟ್ಟಣ ಕಂಡರೆ ಸಾಕು, ಬೀದಿಗೆಲ್ಲ ಅರ್ಥವಾಗುತ್ತಿತ್ತು: ಇದ್ದ ಮ್ಯಾನೇಜರನನ್ನು ಮನೆಗೆ ಕಳಿಸಿದ್ದಾರೆ, ಹೊಸಬ ಬರುತ್ತಿದ್ದಾನೆ.

ಈ ಕ್ಲಬ್ಬಿಗೆ ಮ್ಯಾನೇಜರುಗಳು ಬೇಕಾದಷ್ಟು, ಕೋಟು ಮಾತ್ರ ಒಂದೇ. ನೀಲಿ ಬಟ್ಟೆ, ಹಿತ್ತಾಳೆ ಗುಂಡಿ, ಜೇಬಿನ ಮೇಲೆ ರೆಕ್ಕೆ ಬಿಚ್ಚಿದ ಹದ್ದು. ಮೊದಲನೆಯವನಿಗೆ ಅಧ್ಯಕ್ಷರು ಆಸೆಪಟ್ಟು ಹೊಲಿಸಿದ್ದರು. ಆಮೇಲೆ ಮ್ಯಾನೇಜರುಗಳು ಬಂದು ಹೋಗುವ ಭರಾಟೆ ನೋಡಿ, ತಲೆಗೊಂದು ಕೋಟು ಹೊಲಿಸಿದರೆ ಆಯಿತು ನಮ್ಮ ಕತೆ ಎಂದುಕೊಂಡು, ಅದನ್ನೇ ಒಬ್ಬನಿಗೆ ಹೊಲಿಗೆ ಬಿಚ್ಚಿಸಿ ಅಗಲ ಮಾಡಿಸಿ, ಇನ್ನೊಬ್ಬನಿಗೆ ಹಿಡಿಸಿ ಬಿಗಿ ಮಾಡಿಸಿ, ಕಾಲ ತಳ್ಳುತ್ತಿದ್ದರು. ಈಗ ಅದರಲ್ಲಿ ಬಟ್ಟೆಗಿಂತ ಹೊಲಿಗೆಯೇ ಜಾಸ್ತಿ. ಹದ್ದು ಸೊರಗಿ ಸೊರಗಿ ಕಾಗೆಯ ಹಾಗೆ ಕಾಣುತ್ತಿತ್ತು.

ಈ ಕೆಲಸಕ್ಕೆ ಟೈಲರ್ ಕಾಸು ಮುಟ್ಟುತ್ತಿರಲಿಲ್ಲ. ಅದಕ್ಕೆ ಬದಲಾಗಿ ಮೈದಾನದಲ್ಲಿ ಅವನಿಗೊಂದು ಸೀಟು ಇತ್ತು. ಎಂಥ ಸೀಟು ಅಂತೀರಿ, ಆಟಗಾರರು ಕೂರುವ ಬೆಂಚಿನ ನೇರ ಹಿಂದೆ. ಮ್ಯಾನೇಜರನ ಕತ್ತಿನ ಬೆವರು ಕಾಣುವಷ್ಟು ಹತ್ತಿರ. ವಾರವೆಲ್ಲ ಬೇರೆಯವರ ಸೊಂಟ ಅಳೆದು ಬೇಸತ್ತ ಜೀವ, ಪಂದ್ಯದ ದಿನ ಅಲ್ಲಿ ಕೂತು, ಇಡೀ ಕ್ಲಬ್ಬಿಗೆ ಬುದ್ಧಿ ಹೇಳಿ ಗಂಟಲು ಹರಿದುಕೊಂಡು ಮನೆಗೆ ಬಂದರೆ ಅವನಷ್ಟು ಸುಖಿ ಇನ್ನೊಬ್ಬನಿಲ್ಲ. ತಂಡ ಗೆಲ್ಲಬೇಕೆಂದೇನೂ ಇರಲಿಲ್ಲ. ಗೆದ್ದು ಯಾವ ಕಾಲವಾಗಿತ್ತೋ.

ಆ ಸೀಟಿಗೆ ಈಗ ಕುತ್ತು ಬಂದಿತ್ತು. ಕಳೆದ ಸಲ ಕೋಟು ಬಂದಾಗ ಹೆಂಡತಿ ಒಂದು ಲೋಟ ಟೀ ಕೊಟ್ಟು, ನಯವಾಗಿ ಮಾತಾಡಿಸಿ, ಹೊಸ ಮ್ಯಾನೇಜರನ ಸೊಂಟದ ಸುತ್ತಳತೆಯನ್ನು ಅವನ ಬಾಯಿಂದ ಹೊರಡಿಸಿದ್ದಳು. ಸಂಜೆಯೊಳಗೆ ಆ ಸೊಂಟ ಯಾರದೆಂದು ಊರೆಲ್ಲ ಪತ್ತೆಹಚ್ಚಿ, ಮನುಷ್ಯ ಬರುವ ಮೊದಲೇ ಅವನನ್ನು ಬೈದು ಮುಗಿಸಿತ್ತು. ಕ್ಲಬ್ಬಿನ ಕಾರ್ಯದರ್ಶಿ ಅಂಗಡಿಗೇ ಬಂದು ಹೇಳಿ ಹೋಗಿದ್ದರು: "ಇನ್ನೊಂದ್ ಸಲ ಅಳತೆ ಹೊರಗೆ ಹೋದ್ರೆ ಸೀಟು ಮರ್ತುಬಿಡಿ ಟೈಲರೇ. ನಮ್ಮ ಅಧ್ಯಕ್ಷರ ಕಟ್ಟುನಿಟ್ಟು ನಿಮಗೆ ಗೊತ್ತಲ್ಲ."

ಗೊತ್ತಿಲ್ಲದೆ ಏನು. ಒಮ್ಮೆ ಕೆಲಸ ಕಳೆದುಕೊಂಡ ಮ್ಯಾನೇಜರನೊಬ್ಬ ಟಿಕೆಟ್ಟು ಕೊಂಡು ಬಂದು, ಮುಂದಿನವನ ಮೊದಲ ಪಂದ್ಯದುದ್ದಕ್ಕೂ ಗಟ್ಟಿಯಾಗಿ ನಗುತ್ತಾ ಕೂತಿದ್ದ. ಅಂದಿನಿಂದ, ಹಳೆಯ ಮ್ಯಾನೇಜರುಗಳು ಯಾರೂ ಗೇಟಿನೊಳಗೆ ಕಾಲಿಡುವಂತಿಲ್ಲ ಎಂದು ಅಧ್ಯಕ್ಷರು ಬೋರ್ಡೇ ಹಾಕಿಸಿದ್ದರು. ಹೇಳಿದ ಮಾತು ಹಿಂದೆ ತೆಗೆದುಕೊಳ್ಳುವ ಆಸಾಮಿಯಲ್ಲ ಅವರು.

ಹೀಗಾಗಿ ಈ ಸಲ ಟೈಲರ್ ಒಂದು ಉಪಾಯ ಹೂಡಿದ್ದ. ಅಳತೆ ಹೇಳಲು ಕಾರ್ಯದರ್ಶಿಯ ಫೋನು ಬಂದಾಗ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು, ಅಂಕಿಗಳನ್ನು ಕಿವಿಯಿಂದ ಸೀದಾ ಕೈಗೆ ದಾಟಿಸಿ, ಕತ್ತರಿಸುವ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಗೀಚಿದ. ಗೀಚಿದ್ದನ್ನು ನೋಡದೆಯೇ ಅದರ ಮೇಲೆ ಕೋಟು ಹರಡಿಬಿಟ್ಟ. ತಲೆಯಲ್ಲಿ ಇಲ್ಲದ್ದನ್ನು ಯಾವ ಟೀ ಹೊರಗೆ ತೆಗೆದೀತು? ಕೆಲಸಕ್ಕೆ ಕೂತಾಗ ನೋಡಿದರಾಯಿತು, ಹೊಲಿದ ಕೂಡಲೇ ಅಳಿಸಿದರಾಯಿತು ಎಂದು ತನ್ನ ಬುದ್ಧಿಯನ್ನು ತಾನೇ ಮೆಚ್ಚಿಕೊಂಡ.

ಮೊದಲು ಬಂದವನು ಪಕ್ಕದಂಗಡಿಯ ಕ್ಷೌರಿಕ. ಕೈಯಲ್ಲಿ ನೊರೆ ಹತ್ತಿದ ಬ್ರಷ್ಷು, ಅಂದರೆ ಅಲ್ಲಿ ಯಾರದೋ ಗಡ್ಡ ಅರ್ಧಕ್ಕೇ ನಿಂತಿದೆ.

"ಗೋಡೆಗೇ ತಾನೆ?" ಎಂದ.

ಗೋಡೆ ಎಂದರೆ ಒಂದು ಕಾಲದಲ್ಲಿ ಇದೇ ಕ್ಲಬ್ಬಿನ ರಕ್ಷಣೆಗೆ ನಿಂತು, ಒಂದು ಚೆಂಡನ್ನೂ ದಾಟಗೊಡದ ಆಟಗಾರ. ಈಗ ಮಂಚ ಕುರ್ಚಿ ಮಾರುತ್ತಾ, ದಿನಾ ತನ್ನ ಸೋಫಾಗಳನ್ನು ತಾನೇ ಕೂತು ಪರೀಕ್ಷಿಸುತ್ತಾ, ನಿಜಕ್ಕೂ ಗೋಡೆಯಷ್ಟೇ ಅಗಲವಾಗಿದ್ದ. ಕ್ಷೌರಿಕನಿಗೆ ಅವನೆಂದರೆ ಪ್ರಾಣ.

"ನಂಗೇನೂ ಗೊತ್ತಿಲ್ಲ ಕಣಯ್ಯಾ."

"ಸೊಂಟದ ಹೊಲಿಗೆ ಬಿಚ್ಚೋಕೆ ಹೇಳಿದಾರೋ ಇಲ್ವೋ, ಅಷ್ಟ್ ಹೇಳು ಸಾಕು. ನಾನ್ ಯಾರಿಗೂ ಹೇಳಲ್ಲ."

"ಬಿಚ್ಚೋಕೆ ಹೇಳಿದಾರೆ ಅಂತಲೇ ಇಟ್ಕೊ. ಮೊದ್ಲು ಹೋಗಿ ಆ ಗಡ್ಡ ಮುಗಿಸು ಮಾರಾಯ."

ಕ್ಷೌರಿಕ ಹೋದ. ಯಾರಿಗೂ ಹೇಳುವುದಿಲ್ಲವೆಂದವನು ಅರ್ಧ ಗಡ್ಡದವನಿಗೆ ಹೇಳಿದ, ಅರ್ಧ ಗಡ್ಡದವನು ಬೀದಿಗೆ ಹೇಳಿದ.

ಅಷ್ಟರಲ್ಲಿ ಶಾಲಾ ವ್ಯಾನು ಬಂದು ಅಂಗಡಿಯ ಮುಂದೆ ನಿಂತಿತು. ಇಳಿದವನು ಟೈಲರನ ಭಾಮೈದ, ಆ ವ್ಯಾನಿನ ಡ್ರೈವರು. ಇವನು ಪ್ರೊಫೆಸರ್ ಪಕ್ಷದವನು. ಪ್ರೊಫೆಸರ್ ಎಂದರೆ ದೊಡ್ಡ ದೊಡ್ಡ ತಂಡಗಳಿಗೆ ಪಾಠ ಹೇಳಿದ ತರಬೇತುದಾರ. ಕನ್ನಡಕ, ಕಪ್ಪು ಹಲಗೆ, ಬಣ್ಣಬಣ್ಣದ ಬಾಣಗಳು, ಕೊಕ್ಕರೆಯ ಹಾಗೆ ಉದ್ದನೆಯ ಕೈಕಾಲು.

"ಭಾವ, ತೋಳು ಉದ್ದ ಮಾಡ್ಬೇಕು ಅಂದಿದಾರಂತಲ್ಲ?"

"ಯಾರಂದ್ರು ನಿಂಗೆ?"

"ಯಾರೂ ಅಂದಿಲ್ಲ. ನೀವು ಅಂತೀರೇನೋ ಅಂತ ಬಂದೆ."

"ಹೂಂ ಕಣೋ, ಮಾಡ್ಬೇಕು. ಸಾಕಾ? ಶಾಲೆಗೆ ಹೊತ್ತಾಯ್ತು, ನಡಿ."

ಒಂದು ಪಕ್ಷಕ್ಕೆ ಒಂದು, ಇನ್ನೊಂದು ಪಕ್ಷಕ್ಕೆ ಇನ್ನೊಂದು. ಇಬ್ಬರೂ ಖುಷಿ, ಗುಟ್ಟೂ ಭದ್ರ. ಟೈಲರ್ ಸೂಜಿಗೆ ದಾರ ಪೋಣಿಸಿಕೊಂಡ. ಪೋಣಿಸಿದ್ದಷ್ಟೇ, ಇಬ್ಬರೂ ಒಟ್ಟಿಗೇ ಒಳಗೆ ನುಗ್ಗಿದರು.

"ನಿಮ್ಮ ಭಾವ ನಂಗೆ ಸೊಂಟ ಬಿಚ್ತೀನಿ ಅಂದಿದಾನೆ," ಎಂದ ಕ್ಷೌರಿಕ. "ನಿಮ್ಮ ಪ್ರೊಫೆಸರಿಗೆ ಸೊಂಟ ಎಲ್ಲಿದೆ ಬಿಚ್ಚೋಕೆ?"

"ಗೋಡೆ ಬಂದು ಏನ್ ಕಡಿದು ಕಟ್ಟೆ ಹಾಕ್ತಾನೆ? ಅವನು ಬೆಂಚಿಂದ ಏಳೋ ಹೊತ್ತಿಗೆ ಪಂದ್ಯ ಮುಗಿದಿರುತ್ತೆ."

"ಗೋಡೆ ಬಂದ್ರೆ ನಮಗೆ ಗೋಲ್ ಬೀಳಲ್ಲ."

"ಬೀಳಲ್ಲ. ನಾವು ಹಾಕೋದೂ ಇಲ್ಲ. ಎಲ್ಲಾರೂ ಸೋಫಾ ಮೇಲೆ ಕೂತ್ಕೊಂಡ್ ನೋಡೋಣ."

"ನಿಮ್ಮೋನು ಬೋರ್ಡ್ ಮೇಲೆ ಬಾಣ ಬರೀತಾನೆ. ನಮ್ಮೋರಿಗೆ ಚೆಂಡು ಎಲ್ಲಿದೆ ಅಂತಲೇ ಗೊತ್ತಾಗಲ್ಲ, ಇನ್ನು ಬಾಣ ಹುಡುಕ್ಕೊಂಡ್ ಹೋಗ್ತಾರಾ?"

"ಜಗಳ ಯಾಕೆ? ಕೋಟೇ ಇದೆಯಲ್ಲ ಇಲ್ಲಿ. ಗೇಣು ಹಾಕಿ ನೋಡೋಣ," ಎಂದು ಭಾಮೈದ ಕೋಟಿನ ತೋಳು ಹಿಡಿದ. ಕ್ಷೌರಿಕ ಬಿಡುತ್ತಾನೆಯೇ, ಅವನು ಸೊಂಟ ಹಿಡಿದ. ಅವನು ಅತ್ತ ಎಳೆದ, ಇವನು ಇತ್ತ ಎಳೆದ. ಟೈಲರ್ "ಬಿಡ್ರೋ, ಬಿಡ್ರಯ್ಯಾ" ಎನ್ನುತ್ತಾ ನಡುವೆ ಬಿದ್ದ. ಮೇಜಿನ ಉದ್ದಕ್ಕೂ ಒರೆಸುವ ಬಟ್ಟೆಯ ಹಾಗೆ ಹೋಗಿ ಬಂದು, ಕೊನೆಗೆ ಕೋಟು ಟೈಲರನ ಕೈಗೆ ಬಂತು.

ಮೇಜು ಈಗ ಥಳಥಳ ಹೊಳೆಯುತ್ತಿತ್ತು. ಒಂದು ಅಂಕಿಯೂ ಇರಲಿಲ್ಲ. ಕೋಟಿನ ಒಳಮೈಯಲ್ಲಿ ಮಾತ್ರ ಮೋಡದ ಹಾಗೆ ಬಿಳಿ ಪುಡಿ.

ಗುಟ್ಟು ಎಷ್ಟು ಭದ್ರವಾಗಿತ್ತೆಂದರೆ ಅದು ಈಗ ಅವನಿಗೂ ಗೊತ್ತಿರಲಿಲ್ಲ.

ಬೇರೆ ದಾರಿ ಕಾಣದೆ ಕಾರ್ಯದರ್ಶಿಗೆ ಫೋನು ಮಾಡಿದ. ಇಬ್ಬರು ಶತ್ರುಗಳೂ ಜಗಳ ಮರೆತು ಫೋನಿನ ಎರಡು ಬದಿಗೆ ಕಿವಿ ಅಂಟಿಸಿ ನಿಂತರು.

"ಏನ್ ಟೈಲರೇ?" ಎಂದಿತು ದನಿ. ಆಮೇಲೆ, "ನಿಮ್ಮ ಪಕ್ಕದಲ್ಲಿ ಯಾರೋ ಉಸಿರಾಡ್ತಿದಾರಲ್ಲ?"

"ನಾನೇ ಸಾರ್."

"ಮೂರು ಜನದಷ್ಟು ಉಸಿರಾಡ್ತಿದೀರಿ. ಸೀಟು ಬೇಕೋ ಬೇಡ್ವೋ?"

"ಬೇಕು ಸಾರ್. ಆರೋಗ್ಯ ಹೇಗಿದೆ ಅಂತ ವಿಚಾರಿಸೋಣ ಅನ್ನಿಸ್ತು, ಅಷ್ಟೇ," ಎಂದು ಫೋನಿಟ್ಟ.

ಇಬ್ಬರನ್ನೂ ಹೊರಗೆ ದಬ್ಬಿ ಅವನು ತಲೆಯ ಮೇಲೆ ಕೈ ಹೊತ್ತು ಕೂತ. ಮತ್ತೆ ಫೋನು ಮಾಡಿದರೆ ಸೀಟು ಹೋದ ಹಾಗೇ. ಕೋಟು ಸಂಜೆಯ ಪಂದ್ಯಕ್ಕೆ ಮುಂಚೆ ಮೈದಾನ ಮುಟ್ಟಬೇಕು. ಒಳಗಿನಿಂದ ಹೆಂಡತಿ ಬಂದು, ವಿಷಯವೆಲ್ಲ ಕೇಳಿ, ನಗು ತಡೆದುಕೊಂಡಳು. ಫುಟ್‌ಬಾಲೆಂದರೆ ಅವಳಿಗೆ ಅಷ್ಟಕ್ಕಷ್ಟೆ. ಒಂದು ಚೆಂಡಿಗೆ ಅಷ್ಟೊಂದು ಜನ ಯಾಕೆ ಓಡಬೇಕು, ತಲೆಗೊಂದು ಕೊಡಿಸಬಾರದೇ ಎಂಬುದು ಅವಳ ವಾದ.

"ಇದಕ್ಕ್ಯಾಕೆ ಇಷ್ಟು ತಲೆಬಿಸಿ? ಒಬ್ಬ ದಪ್ಪ ಅಂತಾರೆ, ಒಬ್ಬ ಸಣ್ಣ ಅಂತಾರೆ. ನಡುವಿನ ಅಳತೆಗೆ ಹೊಲೀರಿ. ಹೇಗೂ ಸ್ವಲ್ಪ ದಿನ ಹಾಕ್ಕೊಳ್ಳೋ ಕೋಟು."

"ನಡುವಿನ ಅಳತೆ ಅಂದ್ರೆ ಎಷ್ಟೇ?"

"ಕನ್ನಡಿ ಮುಂದೆ ನಿಂತ್ಕೊಳ್ಳಿ. ನೀವೇ ಅಲ್ವಾ ನಡುವಿನ ಅಳತೆ?"

ಮುಳುಗುವವನಿಗೆ ಅದೂ ದಡದ ಹಾಗೆ ಕಂಡಿತು. ಟೈಲರ್ ತನ್ನ ಮೈಗೇ ಟೇಪು ಸುತ್ತಿ, ಬಿಚ್ಚಿ, ಹಿಡಿದು, ಹೊಲಿದ. ಹೆಂಡತಿ ಇಸ್ತ್ರಿ ಹಾಕಿದಳು. ಆತುರದಲ್ಲಿ ಇವನು ಕೋಟನ್ನೇ ಮರೆತಾನು ಎಂದು ಹ್ಯಾಂಗರನ್ನು ತಾನೇ ಹಿಡಿದುಕೊಂಡು ಮೈದಾನದವರೆಗೂ ಬಂದಳು.

ಮೈದಾನದ ಗೇಟಿನ ಮುಂದೆ ಸಂತೆಯೇ ನೆರೆದಿತ್ತು. ಒಂದು ಕಡೆ ಕ್ಷೌರಿಕನ ದಂಡು "ಗೋಡೆ, ಗೋಡೆ" ಎಂದು ಡೋಲು ಬಡಿಯುತ್ತಿತ್ತು. ಇನ್ನೊಂದು ಕಡೆ ಭಾಮೈದನ ದಂಡು "ಪ್ರೊಫೆಸರ್" ಎಂದು ಬರೆದ ಬೆಡ್‌ಶೀಟು ಹಿಡಿದು ಕುಣಿಯುತ್ತಿತ್ತು. ಎರಡಕ್ಕೂ ಮೂಲ ತಾನೇ ಎಂದು ನೆನೆದು ಟೈಲರ್ ತಲೆ ತಗ್ಗಿಸಿಕೊಂಡು ಒಳಗೆ ನುಸುಳಿದ.

ಅಧ್ಯಕ್ಷರ ಕೋಣೆಯಲ್ಲಿ ಹೊಸ ಮ್ಯಾನೇಜರು ಕೂತಿದ್ದ. ಅವನು ಗೋಡೆಯೂ ಅಲ್ಲ, ಪ್ರೊಫೆಸರೂ ಅಲ್ಲ. ಎಣ್ಣೆ ಹಚ್ಚಿ ತಲೆ ಬಾಚಿದ, ಶೂ ಮಿರಮಿರ ಮಿಂಚುತ್ತಿದ್ದ, ಬಹಳ ಕುಳ್ಳಗಿನ ಒಬ್ಬ ಠಾಕುಠೀಕು ಮನುಷ್ಯ. ಕೋಟು ತೊಡಿಸಿದರು. ತೋಳಿನೊಳಗೆ ಕೈ ಹೋದದ್ದು ಕಂಡಿತು, ಹೊರಗೆ ಬಂದದ್ದು ಕಾಣಲಿಲ್ಲ. ಅಂಚು ಮಂಡಿಯ ಹತ್ತಿರ ಇಳಿದಿತ್ತು.

"ಪಂದ್ಯಕ್ಕೆ ಬಂದಿದೀನೋ, ಚಳಿಗೆ ಹೊದ್ದು ಮಲಗೋಕೆ ಬಂದಿದೀನೋ?" ಎಂದು ಅವನು ಕಿಟಕಿಯ ಕಡೆ ತಿರುಗಿದ. ಹೊರಗೆ ಎರಡು ದಂಡುಗಳು ಎರಡು ಹೆಸರು ಕೂಗುತ್ತಿದ್ದವು. ಎರಡೂ ಅವನದಲ್ಲ. "ಅಳತೇನೂ ಸರಿಯಿಲ್ಲ, ಜನಕ್ಕೂ ನಾನು ಬೇಕಿಲ್ಲ. ನಿಮಗೂ ನಿಮ್ಮ ಹದ್ದಿಗೂ ದೊಡ್ಡ ನಮಸ್ಕಾರ." ಕೋಟು ಕುರ್ಚಿಯ ಮೇಲೆ ಬಿಸಾಕಿ ಹಿಂದಿನ ಬಾಗಿಲಿನಿಂದ ನಡೆದೇಬಿಟ್ಟ.

"ಏನ್ ಹೊಲಿದಿದೀರಿ ಟೈಲರೇ ನೀವು?" ಅಧ್ಯಕ್ಷರು ಕೆಂಡವಾದರು.

ಸೀಟು ಕೈತಪ್ಪಿತೆಂದು ಟೈಲರ್ ಕುರ್ಚಿಯ ಮೇಲಿನ ಕೋಟು ಎತ್ತಿಕೊಂಡ. "ಕೋಟಲ್ಲೇನೂ ತಪ್ಪಿಲ್ಲ ಸಾರ್. ಆ ಮನುಷ್ಯಂದೇ ಅಳತೆ ಕಮ್ಮಿ. ಬೇಕಾದ್ರೆ ನೋಡಿ," ಎಂದು ತಾನೇ ತೊಟ್ಟು, ಗುಂಡಿ ಹಾಕಿ, ಎರಡು ಕೈ ಚಾಚಿ ನಿಂತ. ಎರಕ ಹೊಯ್ದಂತೆ ಕೂತಿತ್ತು. ಹದ್ದು ಕೂಡ ಎಷ್ಟೋ ಕಾಲದ ಮೇಲೆ ರೆಕ್ಕೆ ಬಿಚ್ಚಿತ್ತು.

ಆ ಗಳಿಗೆಗೇ ಬಾಗಿಲು ತೆರೆಯಿತು. ಹೊಸ ಮ್ಯಾನೇಜರನ ಫೋಟೋ ತೆಗೆಯಲು ಕಾದಿದ್ದ ಪತ್ರಿಕೆಯವರು ನುಗ್ಗಿ, ಕೋಟು ತೊಟ್ಟವನನ್ನು ಫಳ್ ಫಳ್ ಎಂದು ಕ್ಯಾಮೆರಾದಲ್ಲಿ ಹಿಡಿದರು. ಸುದ್ದಿ ಗೇಟಿಗೆ ಹಾರಿತು. ಡೋಲು ನಿಂತಿತು, ಬೆಡ್‌ಶೀಟು ಇಳಿಯಿತು. ಗೋಡೆಯಲ್ಲ ಎಂದು ಕ್ಷೌರಿಕನಿಗೆ ಬೇಜಾರಾಗಬೇಕಿತ್ತು, ಆದರೆ ಪ್ರೊಫೆಸರಲ್ಲವಲ್ಲ ಎಂಬ ಸಂತೋಷ ಅದಕ್ಕಿಂತ ದೊಡ್ಡದಾಗಿತ್ತು. ಭಾಮೈದನದೂ ಅದೇ ಸಂತೋಷ, ತಿರುಗುಮುರುಗಾಗಿ. ಇಬ್ಬರೂ ತಬ್ಬಿಕೊಂಡು "ನಮ್ಮ ಟೈಲರ್" ಎಂದು ಕೂಗತೊಡಗಿದರು.

"ಒಂದೇ ಹೆಸರು ಕೂಗ್ತಿದಾರೆ," ಎಂದರು ಅಧ್ಯಕ್ಷರು ಬೆರಗಾಗಿ. "ನಾನು ಅಧ್ಯಕ್ಷನಾದ ಮೇಲೆ ಇದೇ ಮೊದಲು. ಟೈಲರೇ, ಹೋಗಿ ಬೆಂಚಿನ ಮೇಲೆ ಕೂತ್ಕೊಳ್ಳಿ."

"ಸಾರ್, ನನ್ನ ಸೀಟು ಬೆಂಚಿನ ಹಿಂದೆ."

"ಇವತ್ತು ಮುಂದೆ. ನಡೀರಿ."

ಹಿಂದಿನ ಸೀಟು ಖಾಲಿ ಉಳಿಯಿತು. ಹ್ಯಾಂಗರ್ ಹಿಡಿದು ನಿಂತಿದ್ದ ಹೆಂಡತಿಯನ್ನು ಕಂಡು ಕಾರ್ಯದರ್ಶಿ, "ನೀವು ಕೂತ್ಕೊಳ್ಳಿ ಅಮ್ಮ," ಎಂದರು.

ಆಮೇಲೆ ನಡೆದದ್ದನ್ನು ಆ ಊರಿನವರು ಇವತ್ತಿಗೂ ನಂಬುವುದಿಲ್ಲ. ಟೈಲರನಿಗೆ ತಂತ್ರವೇನೂ ತಿಳಿಯದು, ತಿಳಿದದ್ದನ್ನೇ ಕೂಗಿದ. "ಅಲ್ಲಿ ಸೀಳು ಬಿಟ್ಟಿದೆ, ಮುಚ್ರೋ. ಹೊಲಿಗೆ ಹತ್ತಿರ ಬರಲಿ. ಅಂಚಲ್ಲಿ ಹೋಗು, ಅಂಚಲ್ಲಿ." ಇಷ್ಟು ವರ್ಷ ಬೆನ್ನ ಹಿಂದಿನಿಂದ ಕೇಳಿದ್ದ ದನಿ ಈಗ ಕೋಟು ತೊಟ್ಟು ಎದುರಿಗೆ ನಿಂತಿದ್ದರಿಂದ ಆಟಗಾರರು ಹೆದರಿ ಹಾಗೇ ಮಾಡಿದರು. ಸೀಳು ಮುಚ್ಚಿತು. ಒಬ್ಬ ಅಂಚಿನಲ್ಲಿ ಹೋಗಿ ಒದ್ದ ಚೆಂಡು ಇನ್ನೊಬ್ಬನ ಮಂಡಿಗೆ ತಗುಲಿ ಗೋಲಿನೊಳಗೆ ಉರುಳಿತು. ಅವನು ಪಕ್ಕಕ್ಕೆ ಸರಿಯಲು ನೋಡಿದ್ದ, ಪುಣ್ಯಕ್ಕೆ ಆಗಲಿಲ್ಲ. ಪಂದ್ಯ ಮುಗಿಯುವವರೆಗೂ ಟೈಲರನ ಕಿವಿಯ ಹಿಂದೆ ಒಂದು ಹೆಣ್ಣು ದನಿ "ಅವನನ್ನ ಬಿಡಬೇಡ್ರೋ, ಕಾಲು ಕೊಡ್ರೋ" ಎಂದು ಮೈದಾನ ನಡುಗುವಂತೆ ಕೂಗುತ್ತಿತ್ತು. ತಿರುಗಿ ನೋಡಲು ಅವನಿಗೆ ಪುರುಸೊತ್ತಾಗಲಿಲ್ಲ.

ಕ್ಲಬ್ಬು ಗೆದ್ದಿತು. ಕ್ಷೌರಿಕ ಒಂದು ಕಾಲು, ಭಾಮೈದ ಇನ್ನೊಂದು ಕಾಲು ಹಿಡಿದು ಟೈಲರನನ್ನು ಹೊತ್ತು ಮೆರೆಸಿದರು. ಅಧ್ಯಕ್ಷರ ಕಣ್ಣಲ್ಲಿ ನೀರು. ಟೈಲರನೂ ಅತ್ತ, ನಕ್ಕ, ಮತ್ತೆ ಅತ್ತ.

ಕೆಳಗಿಳಿಸಿದಾಗ ಕಾರ್ಯದರ್ಶಿ ಹತ್ತಿರ ಬಂದು ಕೈ ಕುಲುಕಿದರು. "ಭೇಷ್ ಟೈಲರೇ. ನಾವು ಗೆದ್ದ ಸುದ್ದಿ ಕೇಳಿ ಒಬ್ಬ ದೊಡ್ಡ ಮನುಷ್ಯರು ಮ್ಯಾನೇಜರಾಗಿ ಬರೋಕೆ ಒಪ್ಪಿದಾರೆ. ಯಾರು ಅಂತ ಕೇಳ್ಬೇಡಿ. ಕೋಟು ಮನೆಗೇ ತಗೊಂಡ್ ಹೋಗಿ, ಬೆಳಗ್ಗೆ ಅಳತೆ ಹೇಳ್ತೀನಿ."

"ಆಗ್ಲಿ ಸಾರ್," ಎಂದ ಟೈಲರ್. ಕೆಲಸ ಹೋದದ್ದಕ್ಕೆ ಅವನಿಗೆ ಎಳ್ಳಷ್ಟೂ ಬೇಸರವಿರಲಿಲ್ಲ. ಮ್ಯಾನೇಜರಿಕೆ ಯಾರಿಗೆ ಬೇಕಾಗಿತ್ತು. "ಮುಂದಿನ ವಾರ ನನ್ನ ಸೀಟಲ್ಲಿ ಆರಾಮಾಗಿ ಕೂತು ಒಂದಿಷ್ಟು ಕೂಗಿದ್ರೆ ನಂಗೆ ಸಾಕು."

ಕಾರ್ಯದರ್ಶಿ ಗೇಟಿನ ಬೋರ್ಡಿನ ಕಡೆ ಕೈ ತೋರಿಸಿದರು. "ಅದೇ ತೊಂದ್ರೆ ಆಗಿರೋದು. ನೀವೀಗ ಹಳೇ ಮ್ಯಾನೇಜರು."

"ಸಾರ್, ನಾನು ಟೈಲರು."

"ಟೈಲರೂ ಹೌದು, ಹಳೇ ಮ್ಯಾನೇಜರೂ ಹೌದು. ಅಧ್ಯಕ್ಷರನ್ನ ಕೇಳಿದೆ. ರೂಲು ಅಂದ್ರೆ ರೂಲು, ಗೆದ್ದೋರಿಗೂ ಅದೇ ಅಂದ್ರು. ಆದ್ರೆ ಕೋಟು ಹೊಲಿಯೋದಕ್ಕೆ ಕೊಟ್ಟ ಸೀಟು ನಿಮ್ಮ ಅಂಗಡೀದೇ, ಅದನ್ನ ಯಾರೂ ಕಿತ್ಕೊಳ್ಳಲ್ಲ. ಅಂಗಡಿಯಿಂದ ಬೇರೆ ಯಾರಾದ್ರೂ ಬಂದು ಕೂರಬಹುದು."

ಟೈಲರ್ ಮೆಲ್ಲಗೆ ಹಿಂದೆ ತಿರುಗಿದ. ಹೆಂಡತಿ ಕೆಂಪಾದ ಮುಖ ಒರೆಸಿಕೊಳ್ಳುತ್ತಾ ಬರುತ್ತಿದ್ದಳು. ಕೂಗಿ ಕೂಗಿ ದನಿ ಬಿದ್ದುಹೋಗಿತ್ತು, ಕಣ್ಣುಗಳು ಮಾತ್ರ ದೀಪದ ಹಾಗೆ ಹೊಳೆಯುತ್ತಿದ್ದವು. ಹ್ಯಾಂಗರ್ ಅರ್ಧಕ್ಕೆ ಮುರಿದಿತ್ತು.

"ನೀವೇನೂ ಯೋಚನೆ ಮಾಡ್ಬೇಡಿ," ಎಂದಳು ಅವಳು, ಅವನ ಹೆಗಲಿನಿಂದ ಕೋಟು ಬಿಡಿಸಿಕೊಳ್ಳುತ್ತಾ. "ಅಂಗಡಿ ನೋಡ್ಕೊಂಡು ಮನೇಲೇ ಇರಿ. ಪಂದ್ಯ ಏನಾಯ್ತೂಂತ ನಾನು ಬಂದು ಹೇಳ್ತೀನಿ."