ಎಲೆಹಸಿರು, ಗಿಳಿಹಸಿರು

ಬಿಚ್ಚಿದ್ದನ್ನೆಲ್ಲ ಒಂದೇ ತಟ್ಟೆಗೆ ಹಾಕುವುದು ಗಡಿಯಾರ ರಿಪೇರಿಯವನ ಅಭ್ಯಾಸ. ಅದೇ ಅಭ್ಯಾಸದಲ್ಲಿ ಭಾವನ ಗಾಜಿನ ಪೆಟ್ಟಿಗೆಗಳನ್ನು ತೊಳೆಯಲು ಹೋಗಿ, ಒಳಗಿದ್ದ ಎರಡು ಮರಗಪ್ಪೆಗಳನ್ನೂ ಒಂದೇ ಬಕೆಟ್ಟಿಗೆ ಬಿಟ್ಟ.

ಭಾವ ಜೀವಶಾಸ್ತ್ರದ ಮೇಷ್ಟ್ರು. ಎರಡರಲ್ಲಿ ಒಂದು ಯಾರೂ ಕಾಣದ ಅಪರೂಪದ ಜಾತಿ ಎಂದು ಊರಿಗೆಲ್ಲ ಸಾರಿ, ಅದನ್ನು ನೋಡಲು ಬರುತ್ತಿದ್ದ ಕಪ್ಪೆ ಪಂಡಿತರನ್ನು ಕರೆತರಲು ಹೋಗಿದ್ದರು. ಹೊರಡುವಾಗ ಹೇಳಿಯೂ ಇದ್ದರು: "ಅಪರೂಪದ್ದು ಎಲೆಹಸಿರು, ಇನ್ನೊಂದು ಗಿಳಿಹಸಿರು. ಹೆಚ್ಚುಕಮ್ಮಿ ಮಾಡ್ದೆ ಅಂದ್ರೆ ನಮ್ಮನೆ ಮುಂದಿನ ಕೋಣೆಯಿಂದ ನಿನ್ನ ಅಂಗಡಿ ಎತ್ತಿಸ್ತೀನಿ!"

ಗಡಿಯಾರದವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಗ್ಗಿದ. ಆ ಭೂತಗಣ್ಣಿಗೆ ಬೆಚ್ಚಿ ಎರಡೂ ಕಪ್ಪೆ ಹಳೆಯ ಚಪ್ಪಲಿಯ ಬಣ್ಣಕ್ಕೆ ತಿರುಗಿದವು.

"ಅಕ್ಕಾ, ಕೆಟ್ಟೆ ಕಣೇ!"

ಅಕ್ಕನಿಗಿಂತ ಮೊದಲು ಪಕ್ಕದ ಮನೆಯ ಟೈಲರಮ್ಮ ಬಂದಳು. "ಬಣ್ಣದ ವಿಷಯ ನಂಗೆ ಬಿಡಪ್ಪಾ" ಎಂದು ಎರಡು ಹಸಿರು ಬಟ್ಟೆಯ ಚೂರು ಹಿಡಿದು ಕೂತಳು. ಕಪ್ಪೆಗಳು ನಿಧಾನವಾಗಿ ಹಸಿರಾದವು. ಒಂದನ್ನು ಎತ್ತಿ ಚೂರಿಗೆ ಹೊಂದಿಸುವಷ್ಟರಲ್ಲಿ ಅದು ಅವಳ ಹೆಗಲಿಗೆ ಹಾರಿ, ಕಿಟಕಿ ದಾಟಿ ಬೇಲಿಗೆ ಬಿತ್ತು. ಟೈಲರಮ್ಮ ಸೆರಗು ಬಿಗಿದು ಓಡಿದವಳು ಹಿಡಿದೇ ತಂದಳು.

"ಅದೇನಾ ಇದು?"

"ಅದಲ್ದೆ ಇನ್ನೇನು? ಅಳತೆ ತಪ್ಪೋಳಲ್ಲ ನಾನು."

ಅಷ್ಟರಲ್ಲಿ ಗೇಟಿನ ಸದ್ದಾಯಿತು. ಗಡಿಯಾರದವನು ಕಣ್ಣು ಮುಚ್ಚಿ ಪೆಟ್ಟಿಗೆಗೊಂದರಂತೆ ಕಪ್ಪೆ ಹಾಕಿದ.

ಪಂಡಿತರು ಬಣ್ಣದ ಕಡೆ ತಿರುಗಿಯೂ ನೋಡಲಿಲ್ಲ. ಎರಡರ ಬೆರಳ ನಡುವಿನ ಪೊರೆಯನ್ನು ಬಹಳ ಹೊತ್ತು ಪರೀಕ್ಷಿಸಿ, "ಎರಡೂ ಒಂದೇ ಜಾತಿ ಮೇಷ್ಟ್ರೇ. ಮಾಮೂಲಿನವು. ಹಸಿರು ಗಳಿಗೆಗೊಂದು ಥರ ಆಗತ್ತೆ" ಎಂದರು.

ಗಡಿಯಾರದವನಿಗೆ ಹೋದ ಜೀವ ಬಂದಂತಾಯಿತು. ಅದಲುಬದಲಾಗಲು ಎರಡು ಜಾತಿಯೇ ಇರಲಿಲ್ಲವಲ್ಲ! ಖುಷಿಗೆ ಬಾಯಿ ತಡೆಯದೆ, "ಭಾವ, ನಾನೂ ಸುಮ್ನೆ ಹೆದರಿದ್ದೆ, ಎರಡನ್ನೂ ಒಂದೇ ಬಕೆಟ್ಟಿಗೆ ಬಿಟ್ಟಿದ್ದೆ" ಎಂದುಬಿಟ್ಟ.

ಟೈಲರಮ್ಮ ದನಿಗೂಡಿಸಿದಳು: "ಒಂದು ಹಾರಿಹೋಗಿತ್ತು ಮೇಷ್ಟ್ರೇ, ಬೇಲಿಯಿಂದ ನಾನೇ ಹಿಡ್ಕೊಟ್ಟೆ!"

ಬಾಡಿದ್ದ ಭಾವನ ಮುಖ ತಟ್ಟನೆ ಅರಳಿತು. "ಕೇಳಿದ್ರಾ ಸಾರ್? ಅಪರೂಪದ್ದನ್ನ ಓಡಿಸಿ ಬೇಲಿ ಕಪ್ಪೆ ಹಾಕಿದಾನೆ ನನ್ನ ಬಾಮೈದ! ಹೋಗೋ, ಅದು ಸಿಗೋವರೆಗೂ ಅಂಗಡಿ ಬಾಗಿಲು ತೆಗೀಬೇಡ!"

ಸಂಜೆ ಬೇಲಿಯ ಮುಂದೆ ಟಾರ್ಚು ಹಿಡಿದು ನಿಂತ ತಮ್ಮನ ಬಳಿಗೆ ಅಕ್ಕ ಬಂದಳು. ಎಲೆಗೊಂದರಂತೆ ಕೂತ ಕಪ್ಪೆಗಳು ಅವನನ್ನೇ ನೋಡುತ್ತಿದ್ದವು, ಎಲ್ಲವೂ ಹಸಿರು.

"ತಗೋಳೋ" ಎಂದಳು ಅಕ್ಕ, "ಈ ಸಲ ಎರಡು ಬಕೆಟ್ಟು ತಂದಿದೀನಿ."